ವಿಕಿರಣ ಪಟ್ಟಿಯಿಂದ ಎಲೆಕ್ಟ್ರಾನುಗಳು ಎಲ್ಲಿಗೆ ಹೋಗುತ್ತವೆ? ಅದನ್ನು ತಿಳಿಯಲು ಬಲೂನೇ ಏಕೆ ಬೇಕು?

ಪ್ರಶ್ನೆ: ನಾನು ಹಾಸನದ ಪದವಿ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ನಮ್ಮೂರಿನಲ್ಲೇ ಇರುವುದರಿಂದ ಭೂಸ್ಥಿರ ಉಪಗ್ರಹಗಳ ಮಾತು ತರಗತಿಯಲ್ಲಿ ಆಗಾಗ ಬರುತ್ತದೆ. ಭೂಮಿಯ ಕಾಂತಕ್ಷೇತ್ರದಲ್ಲಿ ಸಿಕ್ಕಿಬಿದ್ದ ವೇಗದ ಕಣಗಳ ವಲಯಗಳಾದ ವಾನ್ ಅಲೆನ್ ವಿಕಿರಣ ಪಟ್ಟಿಗಳ ಪಾಠದ ನಡುವೆ, ಅಂಟಾರ್ಕ್ಟಿಕಾದಿಂದ ಬಲೂನುಗಳನ್ನು ಹಾರಿಸಿ ಆ ಪಟ್ಟಿಗಳಿಂದ ಕಳೆದುಹೋಗುವ ಎಲೆಕ್ಟ್ರಾನುಗಳನ್ನು ಅಳೆದರೆಂದು ನಾನು ಓದಿದ್ದನ್ನು ಹೇಳಿದೆ. ಒಬ್ಬ ವಿದ್ಯಾರ್ಥಿನಿ, "ಪಟ್ಟಿ ಇರುವುದು ಸಾವಿರಾರು ಕಿಲೋಮೀಟರ್ ಮೇಲೆ, ಬಲೂನು ಏರುವುದು ಮೂವತ್ತೈದು ಕಿಲೋಮೀಟರ್. ಉಪಗ್ರಹಗಳೇ ಪಟ್ಟಿಯೊಳಗೆ ಸುತ್ತುತ್ತಿರುವಾಗ ಬಲೂನಿಗೇನು ಕೆಲಸ?" ಎಂದು ಕೇಳಿದಳು. ನನಗೆ ಸಮಾಧಾನವಾಗುವಂಥ ಉತ್ತರ ಕೊಡಲಾಗಲಿಲ್ಲ. ಹೀಗೆ ಸುರಿಯುವ ಎಲೆಕ್ಟ್ರಾನುಗಳಿಂದ ನೆಲದ ಮೇಲಿರುವವರಿಗೆ, ವಿಮಾನದಲ್ಲಿರುವವರಿಗೆ ಅಪಾಯವಿದೆಯೇ? 2024ರ ಮೇ ತಿಂಗಳಲ್ಲಿ ಲಡಾಖಿನ ಹಾನ್ಲೆಯಲ್ಲಿ ಕಂಡ ಕೆಂಪು ಬೆಳಕು ಇದೇ ಎಲೆಕ್ಟ್ರಾನುಗಳದ್ದೇ? ನಮ್ಮ ವಿದ್ಯಾರ್ಥಿಗಳು ಹವಾಮಾನ ಬಲೂನಿಗೆ ವಿಕಿರಣವನ್ನು ಎಣಿಸುವ ಗೈಗರ್ ಕೊಳವೆ ಕಟ್ಟಿ ಹಾಸನದಿಂದಲೇ ಹಾರಿಸೋಣ ಎನ್ನುತ್ತಿದ್ದಾರೆ. ಹಣ ಮತ್ತು ಶ್ರಮ ಹಾಕುವ ಮುನ್ನ ತಮ್ಮ ಅಭಿಪ್ರಾಯ ಬೇಕು.

ಉತ್ತರ: ನಿಮ್ಮ ವಿದ್ಯಾರ್ಥಿನಿ ಕೇಳಿರುವುದು ಈ ಕ್ಷೇತ್ರದ ಮೂಲಪ್ರಶ್ನೆಯನ್ನೇ. ಬಲೂನುಗಳಲ್ಲಿ ಕಳುಹಿಸುವ ಕ್ಷ-ಕಿರಣ ಶೋಧಕಗಳ ಜೊತೆ ಕೆಲಸ ಮಾಡಿದ ನನ್ನಂಥವರಿಗೆ ಅನುದಾನ ಸಮಿತಿಗಳ ಮುಂದೆಯೂ ಇದೇ ಪ್ರಶ್ನೆ ಎದುರಾಗುತ್ತದೆ. ಉಪಗ್ರಹವಿದ್ದಲ್ಲಿ ಬಲೂನು ಹಳೆಯ ಕಾಲದ ಅಗ್ಗದ ಬದಲಿ ವ್ಯವಸ್ಥೆ ಎಂಬ ಭಾವನೆ ಹಲವರಲ್ಲಿದೆ. ಅದು ಸರಿಯಲ್ಲ. ಪಟ್ಟಿಯಲ್ಲಿ ಎಷ್ಟು ಎಲೆಕ್ಟ್ರಾನುಗಳಿವೆ ಎಂಬುದನ್ನು ಉಪಗ್ರಹ ಹೇಳುತ್ತದೆ, ಅವುಗಳಲ್ಲಿ ಎಷ್ಟು ವಾತಾವರಣಕ್ಕೆ ಬಿದ್ದು ಹೋದವು ಎಂಬುದನ್ನು ಬಲೂನು ಹೇಳುತ್ತದೆ. ಇವೆರಡೂ ಬೇರೆ ಬೇರೆ ಅಳತೆಗಳು, ಮತ್ತು ಎರಡನೆಯದನ್ನು ಪಟ್ಟಿಯೊಳಗೆ ಕುಳಿತು ಅಳೆಯುವುದು ಬಹಳ ಕಷ್ಟ.

1958ರಲ್ಲಿ ಎಕ್ಸ್‌ಪ್ಲೋರರ್-1 ಮತ್ತು ಎಕ್ಸ್‌ಪ್ಲೋರರ್-3 ಉಪಗ್ರಹಗಳಲ್ಲಿದ್ದ ಗೈಗರ್ ಕೊಳವೆಗಳ ಮೂಲಕ ಜೇಮ್ಸ್ ವಾನ್ ಅಲೆನ್ ಮತ್ತು ಸಂಗಡಿಗರು ಈ ಪಟ್ಟಿಗಳನ್ನು ಪತ್ತೆಹಚ್ಚಿದರು. ಒಳಪಟ್ಟಿಯಲ್ಲಿ ಹೆಚ್ಚಿನ ಶಕ್ತಿಯ ಪ್ರೋಟಾನುಗಳು ಮುಖ್ಯ. ಹೊರಪಟ್ಟಿಯಲ್ಲಿ, ಎಂದರೆ ಭೂಮಿಯ ಕೇಂದ್ರದಿಂದ ಸುಮಾರು ಮೂರರಿಂದ ಏಳು ಭೂತ್ರಿಜ್ಯಗಳ ನಡುವೆ, ಎಲೆಕ್ಟ್ರಾನುಗಳದ್ದೇ ರಾಜ್ಯಭಾರ. ಅವುಗಳಲ್ಲಿ ಒಂದು ಮಿಲಿಯನ್ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯದು ಬೆಳಕಿನ ವೇಗದ ಶೇಕಡಾ 94ರಷ್ಟು ವೇಗದಲ್ಲಿ ಚಲಿಸುತ್ತದೆ. ಅದು ಕಾಂತರೇಖೆಯ ಸುತ್ತ ಸುರುಳಿ ಸುತ್ತುತ್ತ, ಒಂದು ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಉತ್ತರಾರ್ಧಗೋಳದಿಂದ ದಕ್ಷಿಣಕ್ಕೆ ಹೋಗಿ ಮರಳುತ್ತ, ಹತ್ತು-ಹದಿನೈದು ನಿಮಿಷಕ್ಕೊಮ್ಮೆ ಇಡೀ ಭೂಮಿಯನ್ನು ಒಂದು ಸುತ್ತು ಹಾಕುತ್ತದೆ. ನಿಮ್ಮೂರಿನ ಕೇಂದ್ರದಿಂದ ನಿಯಂತ್ರಿಸುವ ಭೂಸ್ಥಿರ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಈ ಹೊರಪಟ್ಟಿಯ ಹೊರಭಾಗದಲ್ಲೇ ಇವೆ.

ಆದ್ದರಿಂದ ಇದು ಬರಿಯ ಪಠ್ಯಪುಸ್ತಕದ ಕುತೂಹಲವಲ್ಲ. ಇಂಥ ಎಲೆಕ್ಟ್ರಾನುಗಳು ಉಪಗ್ರಹದ ಲೋಹದ ಹೊದಿಕೆಯನ್ನು ತೂರಿ ಒಳಗಿನ ಕೇಬಲ್‌ಗಳ ಹಾಗೂ ಸರ್ಕ್ಯೂಟ್ ಬೋರ್ಡ್‌ಗಳ ಅವಾಹಕ ಪದಾರ್ಥದಲ್ಲಿ ನಿಂತುಬಿಡುತ್ತವೆ. ದಿನಗಟ್ಟಲೆ ಹೀಗೆ ಶೇಖರವಾದ ವಿದ್ಯುದಾವೇಶ ಒಮ್ಮೆಲೇ ಕಿಡಿಯಾಗಿ ಹೊರಬಿದ್ದರೆ ಪಕ್ಕದ ಸರ್ಕ್ಯೂಟ್ ಕೆಡುತ್ತದೆ. 1994ರ ಜನವರಿ 20ರಂದು ಕೆನಡಾದ ಆನಿಕ್ ಇ-1 ಮತ್ತು ಇ-2 ಎಂಬ ಎರಡು ಸಂಪರ್ಕ ಉಪಗ್ರಹಗಳು ಕೆಲವೇ ಗಂಟೆಗಳ ಅಂತರದಲ್ಲಿ ಸ್ಥಿರತೆ ಕಳೆದುಕೊಂಡವು. ಅದಕ್ಕೆ ಮುಂಚಿನ ದಿನಗಳಲ್ಲಿ ಹೊರಪಟ್ಟಿಯ ಎಲೆಕ್ಟ್ರಾನುಗಳ ಪ್ರಮಾಣ ಬಹಳ ಏರಿತ್ತು. ಮೊದಲನೆಯದು ಕೆಲವು ಗಂಟೆಗಳಲ್ಲಿ ಹತೋಟಿಗೆ ಬಂದರೆ, ಎರಡನೆಯದನ್ನು ಮತ್ತೆ ಸೇವೆಗೆ ತರಲು ತಿಂಗಳುಗಳೇ ಹಿಡಿದವು. ಪಟ್ಟಿ ಯಾವಾಗ ತುಂಬುತ್ತದೆ, ಎಷ್ಟು ಬೇಗ ಖಾಲಿಯಾಗುತ್ತದೆ ಎಂದು ಮುಂಚಿತವಾಗಿ ಹೇಳಲು ಸಾಧ್ಯವಾದರೆ ನಿಯಂತ್ರಣ ಕೇಂದ್ರದಲ್ಲಿ ಕುಳಿತವರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಸೂರ್ಯನಿಂದ ಬಿರುಗಾಳಿ ಬಂದಾಗಲೆಲ್ಲ ಪಟ್ಟಿ ಉಕ್ಕಿಬಿಡುತ್ತದೆ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ, ಪಠ್ಯಗಳಲ್ಲೂ ಹಾಗೆಯೇ ಬರೆದಿರುತ್ತದೆ. 1989ರಿಂದ 2000ದವರೆಗಿನ 276 ಭೂಕಾಂತೀಯ ಬಿರುಗಾಳಿಗಳನ್ನು ಪರಿಶೀಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಸುಮಾರು ಅರ್ಧದಷ್ಟು ಬಿರುಗಾಳಿಗಳ ನಂತರ ಮಾತ್ರ ಎಲೆಕ್ಟ್ರಾನುಗಳು ಹೆಚ್ಚಿದವು. ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚಿನವುಗಳಲ್ಲಿ ಗಣನೀಯ ಬದಲಾವಣೆ ಆಗಲಿಲ್ಲ. ಸುಮಾರು ಐದರಲ್ಲಿ ಒಂದು ಪಾಲು ಬಿರುಗಾಳಿಗಳ ನಂತರ ಪಟ್ಟಿ ಮೊದಲಿಗಿಂತ ಬಡವಾಯಿತು. ಕಾರಣವೇನೆಂದರೆ, ಬಿರುಗಾಳಿ ಒಂದೇ ಹೊತ್ತಿನಲ್ಲಿ ಎಲೆಕ್ಟ್ರಾನುಗಳಿಗೆ ವೇಗವನ್ನೂ ತುಂಬುತ್ತದೆ, ಅವುಗಳನ್ನು ಹೊರಕ್ಕೂ ದಬ್ಬುತ್ತದೆ. ಕೊನೆಗೆ ಉಳಿಯುವುದು ಎರಡರ ನಡುವಿನ ವ್ಯತ್ಯಾಸ.

ನಮ್ಮ ಕಡೆಯ ಕೆರೆಯೊಂದನ್ನು ನೆನೆಸಿಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಏರಿಯ ಬಳಿ ನೆಟ್ಟ ಅಳತೆಗಂಬ ನೀರಿನ ಮಟ್ಟವನ್ನು ತೋರಿಸುತ್ತದೆಯೇ ಹೊರತು, ಮಟ್ಟ ಇಳಿದದ್ದು ಕೋಡಿ ಹರಿದದ್ದರಿಂದಲೋ ತೂಬು ತೆಗೆದದ್ದರಿಂದಲೋ ಎಂಬುದನ್ನು ಹೇಳುವುದಿಲ್ಲ. ಹೊರಪಟ್ಟಿಗೂ ಇಂಥ ಎರಡು ದಾರಿಗಳಿವೆ. ಸೂರ್ಯನಿಂದ ಸದಾ ಹರಿದುಬರುವ ಕಣಗಳ ಪ್ರವಾಹವಾದ ಸೌರಮಾರುತ ಬಲವಾಗಿ ಒತ್ತಿದಾಗ ಕಾಂತಗೋಳದ, ಎಂದರೆ ಭೂಮಿಯ ಕಾಂತಕ್ಷೇತ್ರದ ಹಿಡಿತವಿರುವ ಪ್ರದೇಶದ, ಹಗಲಿನ ಬದಿಯ ಅಂಚು ಒಳಸರಿಯುತ್ತದೆ, ಆಗ ಭೂಮಿಯನ್ನು ಸುತ್ತುತ್ತಿದ್ದ ಎಲೆಕ್ಟ್ರಾನುಗಳು ಆ ಅಂಚನ್ನು ದಾಟಿ ಅಂತರಗ್ರಹ ಬಾಹ್ಯಾಕಾಶಕ್ಕೆ ಹೊರಟುಹೋಗುತ್ತವೆ. ಇದು ಕೋಡಿ. ಇನ್ನೊಂದು, ಎಲೆಕ್ಟ್ರಾನುಗಳು ಕಾಂತರೇಖೆಯ ಗುಂಟ ಕೆಳಕ್ಕೆ ಜಾರಿ ವಾತಾವರಣದಲ್ಲಿ ಕರಗುವುದು. ಅದು ತೂಬು. ಬಿರುಗಾಳಿಯ ಆರಂಭದಲ್ಲಿ ಕೆಲವೇ ಗಂಟೆಗಳೊಳಗೆ ಎಲೆಕ್ಟ್ರಾನುಗಳ ಎಣಿಕೆ ನೂರುಪಟ್ಟು ಸಹ ಕುಸಿಯುವುದುಂಟು. ಉಪಗ್ರಹ ಆ ಕುಸಿತವನ್ನು ಚೆನ್ನಾಗಿಯೇ ದಾಖಲಿಸುತ್ತದೆ, ಆದರೆ ಯಾವ ದಾರಿಯಿಂದ ಎಷ್ಟು ಹೋಯಿತು ಎಂಬ ಲೆಕ್ಕ ಅದರಿಂದ ಸಿಗುವುದಿಲ್ಲ.

ಪಟ್ಟಿಯೊಳಗೇ ಇರುವ ಉಪಗ್ರಹಕ್ಕೆ ತೂಬಿನ ಲೆಕ್ಕ ಏಕೆ ಸಿಗುವುದಿಲ್ಲ? ಕಾಂತರೇಖೆಗೂ ಎಲೆಕ್ಟ್ರಾನಿನ ಚಲನೆಯ ದಿಕ್ಕಿಗೂ ನಡುವಿನ ಕೋನವೇ ಅದರ ಹಣೆಬರಹವನ್ನು ನಿರ್ಧರಿಸುತ್ತದೆ. ಕೋನ ದೊಡ್ಡದಾಗಿದ್ದರೆ ಎಲೆಕ್ಟ್ರಾನು ವಾತಾವರಣಕ್ಕಿಂತ ಬಹಳ ಮೇಲೆಯೇ ಹಿಂದಿರುಗುತ್ತದೆ. ಕೋನ ತೀರಾ ಚಿಕ್ಕದಾಗಿದ್ದರೆ ಹಿಂದಿರುಗುವ ಮೊದಲೇ, ನೆಲದಿಂದ ನೂರು ಕಿಲೋಮೀಟರಿಗಿಂತ ಕೆಳಗೆ ಗಾಳಿಯ ಅಣುಗಳಿಗೆ ಬಡಿದು ಕಳೆದುಹೋಗುತ್ತದೆ. ಹೀಗೆ ಕಳೆದುಹೋಗುವ ದಿಕ್ಕುಗಳ ಗುಂಪನ್ನು ನಷ್ಟಶಂಕು ಎನ್ನುತ್ತೇವೆ. ಹೊರಪಟ್ಟಿಯಲ್ಲಿ ಸಮಭಾಜಕದ ಮೇಲೆ ಈ ಶಂಕುವಿನ ಅರ್ಧಕೋನ ಕೆಲವೇ ಡಿಗ್ರಿ. ಸಾಮಾನ್ಯ ಶೋಧಕದ ಬಾಯಿ ಅದಕ್ಕಿಂತ ಅಗಲವಾಗಿರುವುದರಿಂದ ಒಳಗೆ ಬೀಳುವ ಎಲೆಕ್ಟ್ರಾನುಗಳಲ್ಲಿ ಬಹುಪಾಲು ಬಂಧಿತವಾದವೇ ಆಗಿರುತ್ತವೆ, ಕಳೆದುಹೋಗಲಿರುವ ಕೆಲವನ್ನು ಅವುಗಳ ನಡುವೆ ಬೇರ್ಪಡಿಸಲು ಆಗುವುದಿಲ್ಲ.

ಭೂಮಿಗೆ ಹತ್ತಿರದ ಕಕ್ಷೆಯ ಉಪಗ್ರಹಗಳಿಗೆ ಈ ತೊಂದರೆ ಕಡಿಮೆ, ಏಕೆಂದರೆ ಅಲ್ಲಿ ನಷ್ಟಶಂಕು ಅಗಲವಾಗಿರುತ್ತದೆ. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕಟ್ಟಿ, 2018ರಲ್ಲಿ ಉಡಾಯಿಸಿದ ಎಲ್ಫಿನ್ ಎಂಬ ಪುಟ್ಟ ಜೋಡಿ ಉಪಗ್ರಹಗಳು ತಮ್ಮ ಅಕ್ಷದ ಸುತ್ತ ತಿರುಗುತ್ತ ಬೀಳುವ ಎಲೆಕ್ಟ್ರಾನುಗಳನ್ನೂ ಬಂಧಿತ ಎಲೆಕ್ಟ್ರಾನುಗಳನ್ನೂ ಬೇರೆ ಬೇರೆಯಾಗಿ ಅಳೆದವು, ಮತ್ತು ಬಹಳ ಒಳ್ಳೆಯ ಕೆಲಸ ಮಾಡಿದವು. ಆದರೆ ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ವೇಗದಲ್ಲಿ ಓಡುವ ಇಂಥ ಉಪಗ್ರಹ ಹೊರಪಟ್ಟಿಯ ಬುಡವನ್ನು ಮೂರು ನಿಮಿಷದ ಆಸುಪಾಸಿನಲ್ಲಿ ದಾಟಿಬಿಡುತ್ತದೆ. ಎಣಿಕೆ ಏರಿ ಇಳಿದಾಗ, ಸುರಿತವೇ ಶುರುವಾಗಿ ನಿಂತಿತೋ ಅಥವಾ ಸುರಿತದ ಒಂದು ಕಿರಿದಾದ ಪ್ರದೇಶವನ್ನು ಉಪಗ್ರಹ ಹಾದುಹೋಯಿತೋ ಎಂದು ಹೇಳಲಾಗುವುದಿಲ್ಲ. ಬಲೂನಾದರೋ ಸ್ತರಗೋಳದ ಗಾಳಿಯ ಜೊತೆ ನಿಧಾನವಾಗಿ ತೇಲುತ್ತ, ಒಂದೇ ಪ್ರದೇಶದ ಆಕಾಶವನ್ನು ಗಂಟೆಗಟ್ಟಲೆ ನೋಡುತ್ತಿರುತ್ತದೆ. ಭೂಮಿ ತಿರುಗುತ್ತಿರುವುದರಿಂದ ಅದೇ ಬಲೂನು ಒಂದು ದಿನದಲ್ಲಿ ಪಟ್ಟಿಯ ಬೆಳಗು, ನಡುಹಗಲು, ಮುಸ್ಸಂಜೆ, ನಡುರಾತ್ರಿಯ ಬದಿಗಳೆಲ್ಲದರ ಕೆಳಗೂ ಹಾದು ಬರುತ್ತದೆ.

ಇನ್ನು ಮೂವತ್ತೈದು ಕಿಲೋಮೀಟರಿನ ಪ್ರಶ್ನೆ. ಎಲೆಕ್ಟ್ರಾನುಗಳು ಬಲೂನಿನ ತನಕ ಇಳಿದು ಬರುವುದೇ ಇಲ್ಲ. ಮಿಲಿಯನ್ ಎಲೆಕ್ಟ್ರಾನ್‌ವೋಲ್ಟಿನವು ಸಹ ಅರವತ್ತು ಕಿಲೋಮೀಟರ್ ಆಸುಪಾಸಿನಲ್ಲಿ ನಿಂತುಹೋಗುತ್ತವೆ. ನಿಲ್ಲುವಾಗ, ಗಾಳಿಯ ಪರಮಾಣುಗಳ ಬೀಜಗಳ ಬಳಿ ದಿಕ್ಕು ಬದಲಿಸುತ್ತ, ತಮ್ಮ ಶಕ್ತಿಯ ಒಂದು ಸಣ್ಣ ಪಾಲನ್ನು ಕ್ಷ-ಕಿರಣಗಳಾಗಿ ಬಿಡುತ್ತವೆ. ಮಿಲಿಯನ್ ಎಲೆಕ್ಟ್ರಾನ್‌ವೋಲ್ಟಿನ ಎಲೆಕ್ಟ್ರಾನಿಗೆ ಈ ಪಾಲು ನೂರರಲ್ಲಿ ಒಂದಕ್ಕೂ ಕಡಿಮೆ. ಕ್ಷ-ಕಿರಣಕ್ಕೆ ವಿದ್ಯುದಾವೇಶವಿಲ್ಲದ ಕಾರಣ ಅದು ಇನ್ನಷ್ಟು ಆಳಕ್ಕೆ ಇಳಿಯಬಲ್ಲದು, ಮೂವತ್ತರಿಂದ ಮೂವತ್ತೇಳು ಕಿಲೋಮೀಟರ್ ಎತ್ತರದಲ್ಲಿ ತೇಲುವ ಬಲೂನನ್ನು ಮುಟ್ಟಬಲ್ಲದು. ಅದಕ್ಕಿಂತ ಕೆಳಗೆ ಗಾಳಿ ದಟ್ಟವಾಗುತ್ತ ಹೋಗಿ ಅದನ್ನೂ ಹೀರಿಬಿಡುತ್ತದೆ. ಬಲೂನು ಇಷ್ಟು ಎತ್ತರ ಏರಲೇಬೇಕು ಎನ್ನುವುದಕ್ಕೆ ಇದೇ ಕಾರಣ: ಆ ಮಟ್ಟದಲ್ಲಿ ವಾತಾವರಣದ ಶೇಕಡಾ ತೊಂಬತ್ತೊಂಬತ್ತು ಭಾಗ ಕಾಲಕೆಳಗೆ ಉಳಿದಿರುತ್ತದೆ.

ಈ ವಿಧಾನ ಪಟ್ಟಿಗಳ ಆವಿಷ್ಕಾರಕ್ಕಿಂತಲೂ ಹಳೆಯದು. 1957ರಲ್ಲಿ ಅಮೆರಿಕದ ಮಿನೆಸೋಟದ ಮೇಲೆ ವಿಶ್ವಕಿರಣಗಳ, ಎಂದರೆ ಬಾಹ್ಯಾಕಾಶದಿಂದ ಬರುವ ಹೆಚ್ಚಿನ ಶಕ್ತಿಯ ಕಣಗಳ, ಅಧ್ಯಯನಕ್ಕೆಂದು ಬಲೂನು ಹಾರಿಸಿದ್ದ ಜಾನ್ ವಿಂಕ್ಲರ್ ಮತ್ತು ಲಾರೆನ್ಸ್ ಪೀಟರ್ಸನ್ ಅವರಿಗೆ ಧ್ರುವಪ್ರಭೆಯ ಜೊತೆಯಲ್ಲೇ ಕ್ಷ-ಕಿರಣಗಳು ಸಿಕ್ಕವು. 1960ರ ದಶಕದಲ್ಲಿ ಕಿನ್ಸೆ ಆಂಡರ್ಸನ್ ಅವರ ಬಲೂನುಗಳು, ಒಂದು ಸೆಕೆಂಡಿಗೂ ಕಡಿಮೆ ಅವಧಿಯ ಸುರಿತಗಳನ್ನು ತೋರಿಸಿದವು. 1996ರ ಆಗಸ್ಟಿನಲ್ಲಿ ಸ್ವೀಡನ್ನಿನ ಕಿರುನಾದಿಂದ ಹಾರಿದ ಬಲೂನಿಗೆ ಮಿಲಿಯನ್ ಎಲೆಕ್ಟ್ರಾನ್‌ವೋಲ್ಟ್ ಮೀರಿದ ಕ್ಷ-ಕಿರಣಗಳು ಸಿಕ್ಕಾಗ, ಇವು ಧ್ರುವಪ್ರಭೆಯ ಸಾಮಾನ್ಯ ಎಲೆಕ್ಟ್ರಾನುಗಳಲ್ಲ, ವಿಕಿರಣ ಪಟ್ಟಿಯವೇ ಎಂಬುದು ಸ್ಪಷ್ಟವಾಯಿತು. 2000ದ ಜನವರಿಯಲ್ಲಿ ಅಂಟಾರ್ಕ್ಟಿಕಾದ ಮ್ಯಾಕ್‌ಮರ್ಡೊದಿಂದ ಹಾರಿ ಹದಿನೆಂಟು ದಿನ ತೇಲಿದ ಮ್ಯಾಕ್ಸಿಸ್ ಬಲೂನು ಇಂಥ ಘಟನೆಗಳನ್ನು ಮತ್ತೆ ಮತ್ತೆ, ಅದೂ ಮುಸ್ಸಂಜೆಯ ಬದಿಯಲ್ಲೇ ಕಂಡಿತು. ಆ ವೇಗದಲ್ಲಿ ಸುರಿಯುತ್ತ ಹೋದರೆ ಹೊರಪಟ್ಟಿ ಕೆಲವೇ ದಿನಗಳಲ್ಲಿ ಬರಿದಾಗಬಹುದು ಎಂಬ ಅಂದಾಜು ಬಂದದ್ದು ಆಗಲೇ. ಅಲ್ಲಿಯವರೆಗೆ ತೂಬನ್ನು ಸಣ್ಣ ಸೋರಿಕೆಯೆಂದು ಎಣಿಸಿದ್ದವರೂ ಅದರ ಕಡೆ ತಿರುಗಿ ನೋಡಬೇಕಾಯಿತು.

ನೀವು ಓದಿರುವುದು ಬ್ಯಾರೆಲ್ ಯೋಜನೆಯ ಬಗ್ಗೆ ಎಂದು ತೋರುತ್ತದೆ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ರಾಬಿನ್ ಮಿಲನ್ ಅದರ ಮುಖ್ಯಸ್ಥೆ, ಹಣ ನಾಸಾದ್ದು. 2012ರ ಆಗಸ್ಟ್ 30ರಂದು ವಾನ್ ಅಲೆನ್ ಪ್ರೋಬ್ಸ್ ಎಂಬ ಜೋಡಿ ಉಪಗ್ರಹಗಳು ಪಟ್ಟಿಯೊಳಗೆ ಹೋದವು. ಅವು ಮೇಲಿನಿಂದ ಅಳೆಯುತ್ತಿರುವಾಗಲೇ ಕೆಳಗಿನಿಂದ ಅಳೆಯುವುದು ಬ್ಯಾರೆಲ್‌ನ ಉದ್ದೇಶ. 2013ರ ಆರಂಭದಲ್ಲಿ ಒಮ್ಮೆ, 2013-14ರ ಬೇಸಿಗೆಯಲ್ಲಿ ಇನ್ನೊಮ್ಮೆ, ಪ್ರತಿ ಬಾರಿಯೂ ಇಪ್ಪತ್ತು ಬಲೂನುಗಳನ್ನು ದಕ್ಷಿಣ ಆಫ್ರಿಕಾದ ಸಾನೆ-4 ಮತ್ತು ಬ್ರಿಟನ್ನಿನ ಹ್ಯಾಲಿ-6 ಎಂಬ ಅಂಟಾರ್ಕ್ಟಿಕ ಠಾಣೆಗಳಿಂದ ಒಂದಾದ ಮೇಲೊಂದರಂತೆ ಬಿಟ್ಟರು. ಯಾವುದೇ ಹೊತ್ತಿನಲ್ಲಿ ಸುಮಾರು ಐದು ಬಲೂನುಗಳು ಪಟ್ಟಿಯ ಬುಡದಲ್ಲಿ ಹರಡಿಕೊಂಡು ತೇಲುತ್ತಿರುವಂತೆ ನೋಡಿಕೊಂಡರು. ನಂತರ 2015 ಮತ್ತು 2016ರಲ್ಲಿ ಕಿರುನಾದ ಬಳಿಯಿಂದಲೂ ಹಾರಾಟಗಳು ನಡೆದವು.

ಅಂಟಾರ್ಕ್ಟಿಕಾದ ಬೇಸಿಗೆಯನ್ನೇ ಆರಿಸಿದ್ದಕ್ಕೆ ಗಟ್ಟಿಯಾದ ಕಾರಣವಿದೆ. ಈ ಬಲೂನುಗಳ ತಳ ತೆರೆದಿರುತ್ತದೆ. ರಾತ್ರಿ ಬಿದ್ದರೆ ಹೀಲಿಯಂ ತಣ್ಣಗಾಗಿ ಕುಗ್ಗುತ್ತದೆ, ಬಲೂನು ಕೆಳಗಿಳಿಯುತ್ತದೆ, ಮತ್ತೆ ಏರಿಸಲು ನಿಲುಭಾರ ಚೆಲ್ಲಬೇಕಾಗುತ್ತದೆ. ಸೂರ್ಯ ಮುಳುಗದ ಧ್ರುವದ ಬೇಸಿಗೆಯಲ್ಲಿ ಆ ಕಾಟವಿಲ್ಲ, ಸೌರಫಲಕಗಳಿಗೆ ಬೆಳಕೂ ನಿರಂತರ. ಬಲೂನು ಪೂರ್ತಿ ಉಬ್ಬಿದಾಗ ಸುಮಾರು 8,500 ಘನಮೀಟರ್ ಗಾತ್ರದ್ದಾದರೂ ಅದು ಹೊರುವ ಉಪಕರಣ ಸುಮಾರು 20 ಕಿಲೋಗ್ರಾಂ ಮಾತ್ರ, ಆದ್ದರಿಂದ ಚಿಕ್ಕ ತಂಡವೊಂದು ಭಾರಿ ಯಂತ್ರಗಳಿಲ್ಲದೆ ಅದನ್ನು ಹಿಮದ ಮೇಲಿಂದ ಬಿಡಬಲ್ಲದು. ಒಳಗೆ ಮೂರು ಅಂಗುಲ ವ್ಯಾಸದ, ಅಷ್ಟೇ ಉದ್ದದ ಸೋಡಿಯಂ ಅಯೋಡೈಡ್ ಸ್ಫಟಿಕವಿರುತ್ತದೆ. ಕ್ಷ-ಕಿರಣ ಬಿದ್ದಾಗ ಸ್ಫಟಿಕ ಮಿನುಗುತ್ತದೆ, ಆ ಮಿನುಗನ್ನು ದ್ಯುತಿವರ್ಧಕ ನಳಿಗೆ ವಿದ್ಯುತ್ ಸ್ಪಂದವನ್ನಾಗಿಸುತ್ತದೆ. ನಾಲ್ಕು ಅಗಲವಾದ ಶಕ್ತಿಪಟ್ಟಿಗಳಲ್ಲಿ ಪ್ರತಿ 50 ಮಿಲಿಸೆಕೆಂಡಿಗೊಮ್ಮೆ ಎಣಿಕೆ, 48 ವಿಭಾಗಗಳಲ್ಲಿ ನಾಲ್ಕು ಸೆಕೆಂಡಿಗೊಮ್ಮೆ, 256 ವಿಭಾಗಗಳಲ್ಲಿ 32 ಸೆಕೆಂಡಿಗೊಮ್ಮೆ. ಕ್ಷಿಪ್ರ ಸುರಿತಗಳ ಸಮಯ ಮೊದಲನೆಯದರಿಂದ ತಿಳಿದರೆ, ಎಲೆಕ್ಟ್ರಾನುಗಳ ಶಕ್ತಿಯ ಸೂಚನೆ ಕೊನೆಯದರಿಂದ ಸಿಗುತ್ತದೆ.

ಈ ಉಪಕರಣದಲ್ಲಿ ನನಗೆ ಬಹಳ ಹಿಡಿಸಿದ ಒಂದು ಅಂಶವಿದೆ. ತಾಪಮಾನ ಬದಲಾದಂತೆ ಸ್ಫಟಿಕದ ಮಿನುಗಿನ ಪ್ರಮಾಣವೂ ಬದಲಾಗುತ್ತದೆ, ಹೀಗಾಗಿ ನಿನ್ನೆ 500 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಎಂದು ತೋರಿದ್ದು ಇಂದು ಬೇರೆ ಸಂಖ್ಯೆಯಾಗಿ ತೋರಬಹುದು. ಪ್ರಯೋಗಾಲಯದಲ್ಲಾದರೆ ಗೊತ್ತಿರುವ ವಿಕಿರಣಮೂಲವೊಂದನ್ನು ಹತ್ತಿರವಿಟ್ಟು ಸರಿಪಡಿಸುತ್ತೇವೆ. ಬಲೂನಿನಲ್ಲಿ ಅದರ ಅಗತ್ಯ ಬೀಳುವುದಿಲ್ಲ. ವಿಶ್ವಕಿರಣಗಳು ಗಾಳಿಗೆ ಬಡಿದಾಗ ಹುಟ್ಟುವ ಪಾಸಿಟ್ರಾನುಗಳು (ಎಲೆಕ್ಟ್ರಾನಿನ ಧನಾವೇಶದ ಪ್ರತಿರೂಪ) ಎಲೆಕ್ಟ್ರಾನುಗಳ ಜೊತೆ ಕೂಡಿ ಅಳಿಯುವಾಗ ನಿಖರವಾಗಿ 511 ಕಿಲೋ ಎಲೆಕ್ಟ್ರಾನ್‌ವೋಲ್ಟಿನ ಕಿರಣ ಹೊಮ್ಮುತ್ತದೆ, ವಾತಾವರಣದಲ್ಲಿ ಅದು ಸದಾ ಇರುತ್ತದೆ. ರೋಹಿತದಲ್ಲಿ, ಎಂದರೆ ಶಕ್ತಿಗೆ ತಕ್ಕಂತೆ ವಿಂಗಡಿಸಿದ ಎಣಿಕೆಯ ನಕ್ಷೆಯಲ್ಲಿ, ಆ ಗೆರೆ ಎಲ್ಲಿ ನಿಂತಿದೆ ಎಂದು ನೋಡಿ ಇಡೀ ಮಾಪನವನ್ನು ಸರಿಹೊಂದಿಸುತ್ತಾರೆ.

ಫಲ ಏನು ಸಿಕ್ಕಿತು? 2013ರ ಜನವರಿ 17ರಂದು ಬ್ಯಾರೆಲ್‌ನ ಬಲೂನು ಹೆಚ್ಚಿನ ಶಕ್ತಿಯ ಎಲೆಕ್ಟ್ರಾನುಗಳ ಸುರಿತವನ್ನು ಕಂಡಾಗ, ಅದೇ ಪ್ರದೇಶಕ್ಕೆ ಹೊಂದುವ ಜಾಗದಲ್ಲಿದ್ದ ಗೋಸ್-13 ಎಂಬ ಭೂಸ್ಥಿರ ಉಪಗ್ರಹ, ಅಯಾನುಗಳ ಸುತ್ತುಗತಿಯಿಂದ ಹುಟ್ಟುವ ಒಂದು ಬಗೆಯ ವಿದ್ಯುತ್ಕಾಂತೀಯ ಅಲೆಗಳನ್ನು ದಾಖಲಿಸಿತ್ತು. ಆ ಅಲೆಗಳು ಎಲೆಕ್ಟ್ರಾನುಗಳ ಕೋನವನ್ನು ಬದಲಿಸಿ ನಷ್ಟಶಂಕುವಿಗೆ ತಳ್ಳಬಲ್ಲವು ಎಂಬ ಸಿದ್ಧಾಂತ ಮುಂಚೆಯೇ ಇತ್ತು. ಇಲ್ಲಿ ಅಳೆದ ಅಲೆಯ ಬಲದಿಂದ ಲೆಕ್ಕ ಹಾಕಿ ಪಡೆದ ಕ್ಷ-ಕಿರಣದ ರೋಹಿತವನ್ನು, ಬಲೂನು ನಿಜವಾಗಿ ಕಂಡ ರೋಹಿತದ ಪಕ್ಕದಲ್ಲಿಟ್ಟು ನೋಡಲು ಸಾಧ್ಯವಾಯಿತು. ಇನ್ನೊಂದು ಫಲಿತಾಂಶ 2014ರ ಜನವರಿಯದು. ಹಿಸ್ ಎಂದು ಕರೆಯುವ, ಭೂಮಿಗೆ ಹತ್ತಿರದ ತಣ್ಣನೆಯ ಪ್ಲಾಸ್ಮಾದಲ್ಲಿ (ಅಯಾನು ಮತ್ತು ಎಲೆಕ್ಟ್ರಾನುಗಳ ಅನಿಲದಲ್ಲಿ) ತುಂಬಿಕೊಂಡಿರುವ ರೇಡಿಯೋ ಅಲೆಗಳ ಬಲವನ್ನು ವಾನ್ ಅಲೆನ್ ಪ್ರೋಬ್ಸ್ ಅಳೆಯುತ್ತಿದ್ದಾಗ, ಬಹಳ ದೂರದಲ್ಲಿದ್ದ ಬಲೂನುಗಳ ಕ್ಷ-ಕಿರಣದ ಎಣಿಕೆ ನಿಮಿಷಗಳ ಅವಧಿಯಲ್ಲಿ ಅದೇ ತಾಳಕ್ಕೆ ಏರಿಳಿಯಿತು. ಏರನ್ ಬ್ರೆನೆಮನ್ ಮತ್ತು ಸಂಗಡಿಗರು 2015ರಲ್ಲಿ ಇದನ್ನು ಪ್ರಕಟಿಸಿದರು. ಸುರಿತವೆಂದರೆ ಅಲ್ಲೊಂದು ಇಲ್ಲೊಂದು ಚದುರಿದ ಘಟನೆ ಎಂದು ಎಣಿಸಿದ್ದೆವು. ಅಲೆಯೂ ನಷ್ಟವೂ ಇಷ್ಟು ವಿಶಾಲವಾದ ಪ್ರದೇಶದಲ್ಲಿ ಒಟ್ಟಿಗೆ ಏರಿಳಿಯುತ್ತವೆ ಎಂಬುದು, ನನ್ನ ಅಭಿಪ್ರಾಯದಲ್ಲಿ, ಈ ಯೋಜನೆಯ ಅತ್ಯಂತ ಬೆಲೆಬಾಳುವ ಕೊಡುಗೆ. ಒಂದೇ ಬಲೂನಿನಿಂದಾಗಲಿ ಒಂದೇ ಉಪಗ್ರಹದಿಂದಾಗಲಿ ಅದು ಗೊತ್ತಾಗುತ್ತಿರಲಿಲ್ಲ.

ಬಲೂನಿನ ಮಿತಿಗಳನ್ನೂ ವಿದ್ಯಾರ್ಥಿಗಳಿಗೆ ಹೇಳಬೇಕು. ಕ್ಷ-ಕಿರಣದಿಂದ ಎಲೆಕ್ಟ್ರಾನಿನ ಶಕ್ತಿಯನ್ನು ಹಿಂದಕ್ಕೆ ಲೆಕ್ಕ ಹಾಕುವುದು ನೇರವಾದ ಕೆಲಸವಲ್ಲ; ಬೇರೆ ಬೇರೆ ಎಲೆಕ್ಟ್ರಾನ್ ರೋಹಿತಗಳು ಹೆಚ್ಚುಕಡಿಮೆ ಒಂದೇ ಬಗೆಯ ಕ್ಷ-ಕಿರಣ ರೋಹಿತವನ್ನು ಕೊಡಬಲ್ಲವು. ಕಡಿಮೆ ಶಕ್ತಿಯ ಎಲೆಕ್ಟ್ರಾನುಗಳ ಕ್ಷ-ಕಿರಣಗಳು ಬಲೂನಿನವರೆಗೆ ಉಳಿಯುವುದಿಲ್ಲ. ಒಂದು ಬಲೂನಿಗೆ ಕಾಣುವುದು ನೆತ್ತಿಯ ಸುತ್ತ ನೂರು ಕಿಲೋಮೀಟರಿನ ಆಸುಪಾಸು ಮಾತ್ರ, ಅದನ್ನೇ ಇಡೀ ಭೂಮಿಗೆ ಗುಣಿಸಿ ಒಟ್ಟು ನಷ್ಟವೆನ್ನುವಾಗ ಬಹಳ ಎಚ್ಚರ ಬೇಕು. ಅದರಲ್ಲೂ ದಕ್ಷಿಣ ಅಟ್ಲಾಂಟಿಕ್ ಕಡೆಯ ರೇಖಾಂಶಗಳಲ್ಲಿ ಭೂಮಿಯ ಕಾಂತಕ್ಷೇತ್ರ ದುರ್ಬಲವಾದ್ದರಿಂದ ಅಲ್ಲಿನ ಸುರಿತ ಬೇರೆಡೆಗಿಂತ ಹೆಚ್ಚಿರಬಹುದು. ಇದಲ್ಲದೆ ಹಾರಾಟ ಮುಗಿದ ಬಲೂನುಗಳನ್ನು ಹಿಮಖಂಡದಿಂದ ಯಾವಾಗಲೂ ಹೆಕ್ಕಿ ತರಲಾಗುವುದಿಲ್ಲ, ಆ ಪ್ಲಾಸ್ಟಿಕ್ ಅಲ್ಲೇ ಉಳಿಯುವುದು ನಮ್ಮಂಥವರನ್ನು ಕಾಡುವ ವಿಷಯ.

ಅಪಾಯದ ಬಗ್ಗೆ ಕೇಳಿದ್ದೀರಿ. ನೆಲದ ಮೇಲಿರುವವರಿಗೆ ಈ ಸುರಿತದಿಂದ ಯಾವ ಅಪಾಯವೂ ಇಲ್ಲ. ಎಲೆಕ್ಟ್ರಾನುಗಳು ಐವತ್ತು ಕಿಲೋಮೀಟರಿಗಿಂತ ಮೇಲೆಯೇ ನಿಂತುಹೋದರೆ, ಕ್ಷ-ಕಿರಣಗಳು ಸ್ತರಗೋಳದಲ್ಲಿ ಕರಗುತ್ತವೆ. ನೆಲಕ್ಕೂ ಅವಕ್ಕೂ ನಡುವೆ ಪ್ರತಿ ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಮಿನಷ್ಟು ಗಾಳಿಯಿದೆ. ವಿಮಾನದಲ್ಲಿ ಸಿಗುವ ವಿಕಿರಣ ಮುಖ್ಯವಾಗಿ ವಿಶ್ವಕಿರಣಗಳದ್ದು, ಅದು ವಿಕಿರಣ ಪಟ್ಟಿ ಇದ್ದರೂ ಇಲ್ಲದಿದ್ದರೂ ಇರುವಂಥದ್ದು. ಎಲೆಕ್ಟ್ರಾನ್ ಸುರಿತ ನಿಜವಾಗಿ ಬದಲಾವಣೆ ತರುವುದು ಐವತ್ತರಿಂದ ಎಂಬತ್ತು ಕಿಲೋಮೀಟರ್ ಎತ್ತರದ ರಸಾಯನದಲ್ಲಿ. ಅಲ್ಲಿ ಅದು ಸಾರಜನಕ ಹಾಗೂ ಜಲಜನಕದ ಆಕ್ಸೈಡುಗಳನ್ನು ಹುಟ್ಟಿಸುತ್ತದೆ, ಅವು ಆ ಎತ್ತರದ ಓಝೋನನ್ನು ಕಡಿಮೆ ಮಾಡುತ್ತವೆ. ವಾಯುಗುಣ ವಿಜ್ಞಾನಿಗಳು ಬಲೂನಿನ ಅಂಕಿಅಂಶಗಳನ್ನು ಕೇಳಿ ಪಡೆಯುವುದು ಇದಕ್ಕಾಗಿಯೇ.

ಹಾನ್ಲೆಯ ಕೆಂಪು ಬೆಳಕು ಬೇರೆಯೇ ವಿಷಯ. ಅದು ಇನ್ನೂರು ಕಿಲೋಮೀಟರಿಗಿಂತ ಮೇಲಿನ ಆಮ್ಲಜನಕದ ಪರಮಾಣುಗಳು ಅಲ್ಪ ಶಕ್ತಿ ಪಡೆದು ಹೊಮ್ಮಿಸಿದ ಬೆಳಕು. ಕಣ್ಣಿಗೆ ಕಾಣುವ ಧ್ರುವಪ್ರಭೆಗೆ ಕಾರಣವಾಗುವ ಎಲೆಕ್ಟ್ರಾನುಗಳ ಶಕ್ತಿ ಸಾಮಾನ್ಯವಾಗಿ ಕೆಲವು ಕಿಲೋ ಎಲೆಕ್ಟ್ರಾನ್‌ವೋಲ್ಟ್ ಮಾತ್ರ, ವಿಕಿರಣ ಪಟ್ಟಿಯವು ಅದರ ನೂರಾರು ಪಟ್ಟು. ಎರಡಕ್ಕೂ ಸೂರ್ಯನ ಬಿರುಗಾಳಿಯೇ ಪ್ರಚೋದನೆಯಾದರೂ, ಆ ಕೆಂಪು ಬೆಳಕನ್ನು ನೋಡಿ ಪಟ್ಟಿಯ ಎಲೆಕ್ಟ್ರಾನುಗಳು ಲಡಾಖಿನ ಮೇಲೆ ಸುರಿದವೆಂದು ತೀರ್ಮಾನಿಸಬಾರದು.

ಈಗ ಹಾಸನದ ಬಲೂನು. ನಿಮ್ಮ ವಿದ್ಯಾರ್ಥಿಗಳ ಉತ್ಸಾಹಕ್ಕೆ ತಣ್ಣೀರೆರಚುವುದು ನನಗೆ ಇಷ್ಟವಿಲ್ಲ, ಆದರೆ ಹಾಸನದಿಂದ ವಿಕಿರಣ ಪಟ್ಟಿಯ ಎಲೆಕ್ಟ್ರಾನು ನಷ್ಟವನ್ನು ಅಳೆಯಲು ಸಾಧ್ಯವಿಲ್ಲ. ಸಮಭಾಜಕದಲ್ಲಿ ಐದು ಭೂತ್ರಿಜ್ಯ ದೂರದ ಕಾಂತರೇಖೆ ನೆಲಕ್ಕೆ ಇಳಿಯುವುದು ಸುಮಾರು 63 ಡಿಗ್ರಿ ಕಾಂತೀಯ ಅಕ್ಷಾಂಶದಲ್ಲಿ. ಹಾಸನ ಕಾಂತೀಯ ಸಮಭಾಜಕಕ್ಕೆ ಬಹಳ ಹತ್ತಿರವಿದೆ. ನಿಮ್ಮ ನೆತ್ತಿಯ ಮೇಲಿನ ಬಲೂನನ್ನು ಹಾಯುವ ಕಾಂತರೇಖೆ ನೂರು ಕಿಲೋಮೀಟರಿನ ಆಸುಪಾಸಿನವರೆಗೆ ಏರಿ ಮತ್ತೆ ಇಳಿದುಬಿಡುತ್ತದೆ, ಪಟ್ಟಿಯ ಹತ್ತಿರಕ್ಕೂ ಹೋಗುವುದಿಲ್ಲ. ದೊಡ್ಡ ಬಲೂನುಗಳನ್ನು ತಾನೇ ತಯಾರಿಸಿ ಹಾರಿಸುವ, ಹೈದರಾಬಾದಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರಕ್ಕೂ ಇದೇ ಮಾತು ಅನ್ವಯಿಸುತ್ತದೆ. ಸುಮಾರು 17 ಜಿಗಾವೋಲ್ಟಿಗಿಂತ ಕಡಿಮೆ ಬಿಗಿತದ (ಎಂದರೆ ಕಾಂತಕ್ಷೇತ್ರಕ್ಕೆ ಬಾಗದೆ ನುಗ್ಗುವ ಸಾಮರ್ಥ್ಯದ) ವಿಶ್ವಕಿರಣಗಳನ್ನು ಭೂಮಿಯ ಕಾಂತಕ್ಷೇತ್ರ ಅಲ್ಲಿಗೆ ಬಿಡುವುದಿಲ್ಲ. ಹಿನ್ನೆಲೆಯ ಗದ್ದಲ ಕಡಿಮೆಯಿರುವ ಕಾರಣ ಆ ಜಾಗ ನಕ್ಷತ್ರಗಳ ಕ್ಷ-ಕಿರಣ ಅಧ್ಯಯನಕ್ಕೆ ಬಹಳ ಅನುಕೂಲ. ನಮ್ಮ ಈ ವಿಷಯಕ್ಕೆ ಮಾತ್ರ ಅದೇ ಕಡಿಮೆ ಅಕ್ಷಾಂಶ ಅಡ್ಡಿ.

ಹಾಗಿದ್ದೂ ರಬ್ಬರ್ ಬಲೂನಿಗೆ ಗೈಗರ್ ಕೊಳವೆ ಕಟ್ಟಿ ಹಾರಿಸುವುದು ವ್ಯರ್ಥವೆಂದು ನಾನು ಹೇಳುವುದಿಲ್ಲ. ಎಣಿಕೆ ಏರುತ್ತ ಹೋಗಿ, ಹದಿನೈದರಿಂದ ಇಪ್ಪತ್ತು ಕಿಲೋಮೀಟರ್ ನಡುವೆ ಗರಿಷ್ಠ ಮುಟ್ಟಿ, ಮತ್ತೆ ಇಳಿಯುವುದನ್ನು ಅದು ತೋರಿಸುತ್ತದೆ. ಅದು ವಿಶ್ವಕಿರಣಗಳ ಒಳ್ಳೆಯ ಪ್ರಯೋಗ, ಹಾಗೆಂದೇ ಅದನ್ನು ಕರೆಯಿರಿ. ವಾಯು ಸಂಚಾರ ನಿಯಂತ್ರಣದ ಅನುಮತಿಯಿಲ್ಲದೆ ಮಾತ್ರ ಹಾರಿಸಬಾರದು. ಜಲಜನಕ ತುಂಬುವುದಾದರೆ ಅದರ ಅಭ್ಯಾಸವಿರುವವರು ಜೊತೆಗಿರಲೇಬೇಕು, ಒಂದು ಸಣ್ಣ ಸ್ಥಿರವಿದ್ಯುತ್ ಕಿಡಿಯಿಂದಲೂ ಅದು ಹೊತ್ತಿಕೊಳ್ಳುತ್ತದೆ. ಬಲೂನು ಒಡೆದ ಮೇಲೆ ಉಪಕರಣ ವಿದ್ಯುತ್ ತಂತಿಯ ಮೇಲೋ ಹೇಮಾವತಿಯ ಹಿನ್ನೀರಿನಲ್ಲೋ ಬೀಳಬಹುದು ಎಂಬುದನ್ನು ಮೊದಲೇ ಎಣಿಸಿಕೊಂಡಿರಿ.

ಭಾರತದವರಿಗೆ ಹೊರಪಟ್ಟಿಯ ಬುಡದಲ್ಲಿ ಒಂದು ನೆಲೆಯಿದೆ ಎಂಬುದು ಹಲವರಿಗೆ ಗೊತ್ತಿಲ್ಲ. ಅಂಟಾರ್ಕ್ಟಿಕಾದ ನಮ್ಮ ಮೈತ್ರಿ ಠಾಣೆಯನ್ನು ಹಾಯುವ ಕಾಂತರೇಖೆ ಸಮಭಾಜಕದಲ್ಲಿ ಸುಮಾರು ಐದು ಭೂತ್ರಿಜ್ಯ ದೂರಕ್ಕೆ ಹೋಗುತ್ತದೆ, ಎಂದರೆ ಹೊರಪಟ್ಟಿಯ ನಡುಭಾಗಕ್ಕೆ. ಭಾರತೀಯ ಭೂಕಾಂತತ್ವ ಸಂಸ್ಥೆಯವರು ಅಲ್ಲಿ ಕಾಂತಮಾಪಕಗಳನ್ನೂ, ಆಕಾಶದಿಂದ ಬರುವ ರೇಡಿಯೋ ಗದ್ದಲ ಎಷ್ಟು ಹೀರಲ್ಪಟ್ಟಿತೆಂದು ಅಳೆಯುವ ರಿಯೋಮೀಟರನ್ನೂ ನಡೆಸಿದ್ದಾರೆ. ರಿಯೋಮೀಟರಿಗೆ ಹಾರಾಟ ಬೇಡ, ವರ್ಷವಿಡೀ ಕೆಲಸ ಮಾಡುತ್ತದೆ. ಆದರೆ ಅದು ಬಹುಮಟ್ಟಿಗೆ ಹತ್ತಾರು ಕಿಲೋ ಎಲೆಕ್ಟ್ರಾನ್‌ವೋಲ್ಟಿನ ಸುರಿತಕ್ಕೆ ಸ್ಪಂದಿಸುವುದರಿಂದ ಮಿಲಿಯನ್ ಎಲೆಕ್ಟ್ರಾನ್‌ವೋಲ್ಟಿನದನ್ನು ಅದೊಂದರಿಂದಲೇ ಗುರುತಿಸುವುದು ಕಷ್ಟ. ಸ್ನಾತಕೋತ್ತರ ಓದಿಗೆ ಹೋಗುವ ವಿದ್ಯಾರ್ಥಿಗಳಿಗೆ ಇದು ಯೋಚಿಸಬೇಕಾದ ದಾರಿ.

ಈ ವರ್ಷವೇ, ಹಣವಿಲ್ಲದೆ ಮಾಡಬಹುದಾದ ಕೆಲಸ ಬೇರೆ ಇದೆ, ನನ್ನ ಸಲಹೆ ಅದೇ. ಬ್ಯಾರೆಲ್‌ನ ಎಲ್ಲ ಹಾರಾಟಗಳ ಅಂಕಿಅಂಶಗಳು ನಾಸಾದ ಬಾಹ್ಯಾಕಾಶ ಭೌತವಿಜ್ಞಾನ ದತ್ತಾಂಶ ಕೇಂದ್ರದಲ್ಲಿ ಸಾರ್ವಜನಿಕರಿಗೆ ಉಚಿತವಾಗಿ ಸಿಗುತ್ತವೆ, ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಬಲ್ಲ ವಿದ್ಯಾರ್ಥಿ ಅವನ್ನು ತೆರೆಯಬಹುದು. 2013ರ ಜನವರಿ 17ರ ಮತ್ತು 2014ರ ಜನವರಿ 3ರ ದತ್ತಾಂಶದಿಂದ ಆರಂಭಿಸಲಿ. ಎಣಿಕೆ ಏರಿದ್ದನ್ನೆಲ್ಲ ಎಲೆಕ್ಟ್ರಾನ್ ಸುರಿತವೆಂದು ಬಗೆಯುವ ಅಪಾಯ ಇಲ್ಲಿ ಎಲ್ಲಕ್ಕಿಂತ ದೊಡ್ಡದು. ಮೊದಲು ಬಲೂನಿನ ಎತ್ತರದ ನಕ್ಷೆಯನ್ನು ಪಕ್ಕದಲ್ಲಿಡಲಿ, ಏಕೆಂದರೆ ಬಲೂನು ಏರಿಳಿದಂತೆ ವಿಶ್ವಕಿರಣಗಳ ಹಿನ್ನೆಲೆಯೂ ನಿಧಾನವಾಗಿ ಏರಿಳಿಯುತ್ತದೆ. ಬಳಿಕ ಆ ಹೊತ್ತಿನ ಸೌರಜ್ವಾಲೆಗಳ ಪಟ್ಟಿಯನ್ನು ನೋಡಲಿ. ಸೂರ್ಯನ ಕ್ಷ-ಕಿರಣಗಳಾದರೆ ಸೂರ್ಯ ಕಾಣುವ ಬಲೂನುಗಳೆಲ್ಲವೂ ಒಂದೇ ಕ್ಷಣದಲ್ಲಿ ಅದನ್ನು ತೋರಿಸುತ್ತವೆ. 2014ರ ಜನವರಿ 7ರ ನಂತರದ ದಿನಗಳಲ್ಲಿ ಸೂರ್ಯನ ಪ್ರೋಟಾನುಗಳೂ ಬಲೂನುಗಳನ್ನು ತಲುಪಿವೆ, ಆ ದಿನಗಳನ್ನು ಆರಂಭದಲ್ಲಿ ಬಿಟ್ಟುಬಿಡುವುದು ಒಳ್ಳೆಯದು. 511 ಕಿಲೋ ಎಲೆಕ್ಟ್ರಾನ್‌ವೋಲ್ಟಿನ ಗೆರೆ ತನ್ನ ಜಾಗದಲ್ಲಿದೆಯೇ ಎಂದು ಪ್ರತಿ ಗಂಟೆಯ ರೋಹಿತದಲ್ಲೂ ಪರೀಕ್ಷಿಸಲಿ. ಇಷ್ಟೆಲ್ಲ ಕಳೆದ ಮೇಲೂ ಉಳಿಯುವ ಏರಿಕೆ ಹೆಚ್ಚಿನ ಶಕ್ತಿಯ ವಿಭಾಗಗಳಲ್ಲೂ ಕಂಡರೆ, ಅದೇ ಹೊತ್ತಿನ ವಾನ್ ಅಲೆನ್ ಪ್ರೋಬ್ಸ್‌ನ ಅಲೆಗಳ ದತ್ತಾಂಶವನ್ನು ಅದೇ ಕೇಂದ್ರದಿಂದ ತೆಗೆದು ಎರಡನ್ನೂ ಒಂದೇ ಕಾಲರೇಖೆಯ ಮೇಲೆ ಜೋಡಿಸಿ ನೋಡಲು ನಿಮ್ಮ ವಿದ್ಯಾರ್ಥಿನಿಗೆ ಹೇಳಿ.